ಕೇಳಿದ ಕೂಡಲೇ ಸಿಕ್ಕ ಸೀಟು

ಗೆಳೆಯರೇ, ಪಕ್ಕದ ಮನೆಯಲ್ಲಿ ಇವತ್ತೂ ಕಾಲೇಜು ಸೀಟಿನ ಜಗಳ. ಕೇಳಿ ಸುಸ್ತಾಗಿ ನನ್ನದೇ ನೆನಪಾಯಿತು.

ಎಂಬತ್ತರ ದಶಕದಲ್ಲಿ ನನಗೆ ಕೃಷ್ಣಗಿರಿಯ ಸರ್ಕಾರಿ ಕಾಲೇಜಿನಲ್ಲಿ ಸುಲಭವಾಗಿ ಸೀಟು ಸಿಕ್ಕಿತು. ಕೆಲಮಂಗಲದಲ್ಲಿ ಮೇಷ್ಟ್ರಾಗಿದ್ದ ಅಪ್ಪ ಒಪ್ಪಲಿಲ್ಲ.

“ಕೇಳಿದ ತಕ್ಷಣ ಕೊಟ್ಬುಟ್ರು ಅಂದ್ರೆ ಅದೇನ್ ಕಾಲೇಜಮ್ಮ? ಒಂದ್ವರ್ಸ ಕಾಯಿ, ಮದ್ರಾಸ್ನಾಗೆ ಸಿಗ್ತದೆ.”

ವಾರವಿಡೀ ಇದೇ ಮಾತು. ಸೇರುವ ಕೊನೆಯ ದಿನ ನನಗೂ ಸಾಕಾಯಿತು. “ನಿಮ್ಮ ಇಸ್ಕೂಲ್ಗೆ ಬಂದೋರ್ನೆಲ್ಲ ಸೇರಿಸ್ಕೊತೀರಲ್ಲಪ್ಪ, ಹಂಗಂತ ನೀವು ಕೆಟ್ಟ ಮೇಷ್ಟ್ರಾ?” ಎಂದೆ.

ಅಪ್ಪ ಎದ್ದು ಮುಖ ತೊಳೆದರು. ಆಮೇಲೆ ಅಂಗಿ ತೊಟ್ಟು, “ನಡಿ, ಬಸ್ಸು ಹೋಗ್ಬುಡ್ತದೆ” ಎಂದರು.

ಅಲ್ಲೇ ಓದಿ ನಾನೂ ಟೀಚರಾದೆ. ನಿಮ್ಮ ಕಾಲೇಜು ಎಷ್ಟು ಜನರನ್ನು ಸೀಟು ಕೊಡದೆ ವಾಪಸ್ ಕಳಿಸಿತ್ತು ಎಂದು ಯಾವ ಮಗುವೂ ಇದುವರೆಗೆ ಕೇಳಿಲ್ಲ. ಕೇಳುವವರೆಲ್ಲ ನೆಂಟರೇ.