ಹವಾಲ್ದಾರರ ಕಿವಿ

ಪಡುಬಿದ್ರಿಯಲ್ಲಿ ನಮ್ಮ ನೆರೆಮನೆಯವರು ಫಿರಂಗಿ ದಳದಿಂದ ನಿವೃತ್ತರಾದ ಹವಾಲ್ದಾರರು. ಕಿವಿ ಸ್ವಲ್ಪ ಮಂದವಾಗಿದೆ, ಅಂಗವೈಕಲ್ಯ ಪಿಂಚಣಿಗೆ ಅರ್ಜಿ ಹಾಕಿ ಎಂದರೆ ಮೀಸೆ ಸವರಿಕೊಂಡು, "ನನಗೆಂತ ಆಗಿದೆ ಮಾರಾಯ?" ಎನ್ನುತ್ತಿದ್ದರು. ಕೊನೆಗೆ ಅವರ ಹೆಂಡತಿಯ ಒತ್ತಾಯಕ್ಕೆ ನಾನೇ ಇಬ್ಬರನ್ನೂ ಮಣಿಪಾಲಕ್ಕೆ ಕರೆದೊಯ್ದೆ.

ಕಿವಿಯ ಡಾಕ್ಟರಮ್ಮ ಕೇಳಿದ್ದಕ್ಕೆಲ್ಲ ಅವರು ಥಟ್ಟನೆ ಉತ್ತರಿಸಿದರು. ಆಮೇಲೆ ಆಕೆ ಬಾಯಿಗೆ ಕೈ ಅಡ್ಡ ಹಿಡಿದು, "ನಿಮ್ಮದು ಊಟ ಆಯ್ತಾ?" ಎಂದರು. ಹವಾಲ್ದಾರರು ಸುಮ್ಮನೆ ನಕ್ಕರು.

"ಇಷ್ಟು ವರ್ಷ ಇವರು ನನ್ನ ತುಟಿ ನೋಡಿಯೇ ಉತ್ತರ ಕೊಡ್ತಿದ್ದದ್ದಾ?" ಎಂದರು ಹೆಂಡತಿ.

ಡಾಕ್ಟರಮ್ಮ ಕೈ ಇಳಿಸಿ ಕಾರಣ ಕೇಳಿದಾಗ, "ಫಿರಂಗಿಯ ಸದ್ದಿಗೆ ಹೋದದ್ದು" ಎಂದು ಅವರು ಮೊದಲ ಬಾರಿಗೆ ಒಪ್ಪಿಕೊಂಡರು. ಪರೀಕ್ಷೆಯ ವರದಿಯ ಆಧಾರದ ಮೇಲೆ ಪಿಂಚಣಿ ಮಂಜೂರಾಯಿತು.

ಕರೆದರೆ ಓಗೊಡುವುದಿಲ್ಲವೆಂದು ಅಡುಗೆಮನೆಯಿಂದಲೇ ಕೂಗಿ ಬಯ್ಯುತ್ತಿದ್ದ ಹೆಂಡತಿ ಅಂದಿನಿಂದ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಜಗಲಿಗೆ ಬಂದು, ಅವರ ಎದುರು ನಿಂತು, "ಚಾ ಬೇಕಾ?" ಎಂದು ಕೇಳತೊಡಗಿದರು.