ಟಾಂಗಾ ಹತ್ತದೆ ಬಂದ ಕಾಕು

ಆಗ ಸಿಂದಗಿಯ ನಮ್ಮ ಓಣಿಯ ಮಕ್ಕಳು ಪಿಚ್ಚರ್ ನೋಡಲು ಟಾಕೀಸಿಗೇ ಹೋಗಬೇಕೆಂದಿರಲಿಲ್ಲ. ನಮಗೆ ಕಾಕು ಇದ್ದಳು.

ಕಾಕು ಅಂದರೆ ಅಪ್ಪನ ತಮ್ಮನ ಹೆಂಡತಿ, ಇಂಡಿ ಕಡೆಯವಳು. ತವರಿನಲ್ಲಿದ್ದಾಗ ಅಣ್ಣಂದಿರ ಬೆನ್ನು ಹತ್ತಿ ಬಂದ ಪಿಚ್ಚರನ್ನೆಲ್ಲ ನೋಡಿದ್ದಳಂತೆ. ಸಂಜೆ ಒಲೆಯ ಮುಂದೆ ರೊಟ್ಟಿ ಬಡಿಯುತ್ತ ಅವನ್ನು ನಮಗೆ ಹೇಳುತ್ತಿದ್ದಳು. ಹೇಳುವುದೇನು, ಮಾಡಿಯೇ ತೋರಿಸುತ್ತಿದ್ದಳು. ಹಿಟ್ಟಿನ ಕೈಯನ್ನೇ ಹಣೆಗೆ ಒತ್ತಿಕೊಂಡು ತಾಯಿಯಾಗುವಳು. ಊದುಗೊಳವೆ ಎತ್ತಿ ಹಿಡಿದು ಡಕಾಯಿತನಾಗುವಳು. ಹಂಚಿನ ಮೇಲಿನ ರೊಟ್ಟಿ ಸೀದ ವಾಸನೆ ಬಂದಾಗಲೇ ನಮಗೆ ಎಚ್ಚರ.

"ರೊಟ್ಟಿ ಕಡೆ ನೋಡ ತಂಗಿ, ಪಿಚ್ಚರ್ ಆಮ್ಯಾಲ ಮಾಡುವಂತಿ," ಎಂದು ಅವ್ವ ನಗುತ್ತಲೇ ಬೈಯುತ್ತಿದ್ದಳು.

ನಾನು ಐದನೆಯ ಇಯತ್ತೆಯಲ್ಲಿದ್ದಾಗ, ದೀಪಾವಳಿ ರಜೆಯಲ್ಲಿ, ಓಣಿಯ ನಾಲ್ಕಾರು ಮನೆಯವರು ಸೇರಿ ಬಸ್ಸು ಮಾಡಿಕೊಂಡು ಹೈದರಾಬಾದಿಗೆ ಹೊರಟೆವು. ಅಲ್ಲಿ ಸಿನಿಮಾ ತೆಗೆಯುವ ಜಾಗವನ್ನೇ ದೊಡ್ಡ ತೋಟದಂತೆ ಮಾಡಿ, ಆಟ, ಜೋಕಾಲಿ ಎಲ್ಲ ಇಟ್ಟು ಜನರಿಗೆ ನೋಡಲು ಬಿಟ್ಟಿದ್ದಾರೆಂದು ಸುದ್ದಿ ಬಂದಿತ್ತು. ಹೋಗಲೇಬೇಕೆಂದು ಹಟ ಹಿಡಿದವಳು ಕಾಕು. ಕಾಕಾ ಗೊಬ್ಬರದ ಅಂಗಡಿ ಇಟ್ಟುಕೊಂಡಿದ್ದ ಮೆತ್ತಗಿನ ಮನುಷ್ಯ. ಹೆಂಡತಿಗೆ ಇಲ್ಲ ಅಂದದ್ದನ್ನು ನಾವು ಕೇಳಿರಲಿಲ್ಲ. ಕಾಕು ಎರಡು ದಿನ ಕೂತು ಶೇಂಗಾ ಹೋಳಿಗೆ ಮಾಡಿದಳು, ಕಡಕ್ ರೊಟ್ಟಿ ಕಟ್ಟಿದಳು. ಹೊರಡುವಾಗ ಮದುವೆಯ ಸೀರೆ ಉಟ್ಟಳು. ದಾರಿಯುದ್ದಕ್ಕೂ ಬಸ್ಸಿನಲ್ಲಿ ಡೀಸೆಲ್ ವಾಸನೆಯ ಜೊತೆ ಬೆಲ್ಲ, ಎಳ್ಳಿನ ವಾಸನೆ.

ಅಲ್ಲಿ ನಾವು ಮಕ್ಕಳು ತಿರುಗುವ ತೊಟ್ಟಿಲಿಗೆ ಓಡಿದರೆ ಕಾಕು ಗೋಡೆಗಳನ್ನು ಮುಟ್ಟಿ ನೋಡುತ್ತ ನಿಂತಳು. ಮುಂದಿನಿಂದ ಅರಮನೆ, ಹಿಂದೆ ಹೋದರೆ ಬರೀ ಬಿದಿರಿನ ಗಳಗಳು. ಆಡಿ ತಿರುಗಿ ಬಂದ ನನ್ನ ಕೈ ಹಿಡಿದು ತೋರಿಸಿದಳು.

"ಪೂರಾ ಸುಳ್ಳ ಐತಿ ನೋಡು ಸುಮಿ. ಪಿಚ್ಚರಿನ್ಯಾಗ ಮಾತ್ರ ಖರೇ ಕಾಣತೈತಿ. ಹೆಂಗ ಮಾಡ್ತಾರ ಇವರು!"

ಮಧ್ಯಾಹ್ನ ಒಂದು ದೊಡ್ಡ ಹಾಲಿನಲ್ಲಿ ಸಿನಿಮಾ ತೆಗೆಯುವ ಬಗೆಯನ್ನು ತೋರಿಸುವವರಿದ್ದರು. ವೇದಿಕೆಯ ಮೇಲೆ ಕುದುರೆಯಿಲ್ಲದ ಒಂದು ಟಾಂಗಾ. ಮೈಕ್ ಹಿಡಿದವನು ಹಿಂದಿಯಲ್ಲಿ, ಕಳ್ಳರಿಂದ ತಪ್ಪಿಸಿಕೊಂಡು ಓಡುವ ಹೆಂಗಸಿನ ಪಾತ್ರಕ್ಕೆ ಯಾರು ಬರುತ್ತೀರಿ ಎಂದು ಕೇಳಿದ. ಅವನ ಮಾತು ಮುಗಿಯುವ ಮೊದಲೇ ಕಾಕು ಕೈ ಎತ್ತಿದ್ದಳು.

"ಬನ್ನಿ ಅಕ್ಕಾ," ಎಂದು ಅವನು ಕರೆದ. ಕಾಕು ಮೆಟ್ಟಿಲಿಳಿದು ಹೋದಳು. ಯಾರೋ ಅವಳ ಹೆಗಲಿಗೆ ಕೆಂಪು ಶಾಲು ಹೊದಿಸಿದರು. ಅವಳು ಟಾಂಗಾದ ಮೇಲೆ ಕೈಯಿಟ್ಟು ಒಮ್ಮೆ ನಮ್ಮ ಕಡೆ ನೋಡಿದಳು. ಅಷ್ಟು ಚೆಂದದ ಮುಖವನ್ನು ನಾನು ಮತ್ತೆ ಕಂಡಿಲ್ಲ.

ನಮ್ಮ ಹಿಂದಿನ ಸಾಲಿನಿಂದ, ಓಣಿಯಲ್ಲಿ ಕಾಳಿನ ಅಡತಿ ಅಂಗಡಿ ಇಟ್ಟವರೊಬ್ಬರು ಜೋರಾಗಿ ನಕ್ಕು ಕಾಕಾನಿಗೆ ಅಂದರು: "ಏನ್ರಿ, ನಿಮ್ಮ ಮನಿಯವರು ಹೀರೋಯಿನ್ ಆಗೇಬಿಟ್ರಲ್ರಿ! ನಾಳಿಗೆ ಅಂಗಡಿ ಮುಂದ ಪೋಸ್ಟರ್ ಹಚ್ಚೂದೇನ್ರಿ?"

ಬಸ್ಸಿನಲ್ಲಿ ಬಂದ ಗಂಡಸರೆಲ್ಲ ನಕ್ಕರು. ಕಾಕಾನ ಕಿವಿ ಕೆಂಪಾದವು. ಅವನು ಎದ್ದು ನಿಂತ.

"ಏ, ಮ್ಯಾಲ ಬಾ. ಸಾಕು ನಿನ್ನ ಕುಣಿತ."

ಕಾಕು ಕೇಳಿಸದವಳಂತೆ ಕ್ಷಣ ನಿಂತಳು. "ಬಾ ಅಂದ್ನಿಲ್ಲ?" ಎಂದು ಅವನು ಮತ್ತೊಮ್ಮೆ ಕೂಗಿದ. ಅವಳು ಶಾಲು ತೆಗೆದು, ಮಡಿಚಿ, ಟಾಂಗಾದ ಮೇಲಿಟ್ಟು ಮೆಟ್ಟಿಲು ಹತ್ತಿ ಬಂದಳು. ನನ್ನ ಪಕ್ಕ ಕೂತು ಸೆರಗು ಸರಿ ಮಾಡಿಕೊಂಡಳು.

ಅವಳ ಬದಲು ಬೇರೆ ಊರಿನ ಹೆಂಗಸೊಬ್ಬಳು ಹೋಗಿ ಟಾಂಗಾದಲ್ಲಿ ಕೂತಳು. ನಾಲ್ವರು ಟಾಂಗಾ ಅಲುಗಾಡಿಸಿದರು, ಫ್ಯಾನಿನ ಗಾಳಿ ಬಿಟ್ಟರು. ಆಮೇಲೆ ಪರದೆಯ ಮೇಲೆ ನೋಡಿದರೆ ಟಾಂಗಾ ಕಾಡಿನೊಳಗೆ ಓಡುತ್ತಿತ್ತು! ಎಲ್ಲರೂ ಚಪ್ಪಾಳೆ ಹೊಡೆದರು. ಕಾಕು ರೆಪ್ಪೆ ಬಡಿಯದೆ ನೋಡಿದಳು.

"ಅಂಜಿ ಓಡಾಕಿ ಹಿಂದ ನೋಡಬೇಕಲ್ಲ," ಎಂದಳು ಮೆಲ್ಲಗೆ. "ಆಕಿ ಮುಂದ ನೋಡಾಕತ್ತಾಳ."

ತಿರುಗಿ ಬರುವಾಗ ಬಸ್ಸಿನಲ್ಲಿ ಕಥೆ ಹೇಳೆಂದು ಗಂಟು ಬಿದ್ದೆವು. ತಲೆನೋವೆಂದಳು. ಊರಿಗೆ ಬಂದ ಮೇಲೂ ಏನಾದರೊಂದು ನೆವ ಹೇಳಿದಳು. ಕ್ರಮೇಣ ನಾವೂ ಕೇಳುವುದನ್ನು ಬಿಟ್ಟೆವು. ರೊಟ್ಟಿ ಮಾತ್ರ ಒಂದೂ ಸೀಯಲಿಲ್ಲ. ಕಾಕಾ ಮುಂದೊಂದು ದಿನ ದೊಡ್ಡ ಟೀವಿ ತಂದು, ಪಿಚ್ಚರಿನ ಸೀಡಿಗಳನ್ನು ತಂದು ರಾಶಿ ಹಾಕಿದ. ಅವಳು ಅದಕ್ಕೆ ಬೆನ್ನು ಮಾಡಿ ಕೂತು ಕಾಳು ಹಸನು ಮಾಡುವಳು. ಸಾಯುವ ವರ್ಷ ಕಾಕಾ ನನ್ನೆದುರು ಅಂದಿದ್ದ: "ಮಂದಿ ನಕ್ಕರ ನಗಲಿ ಅಂತ ಸುಮ್ಮ ಕುಂದರಬೇಕಿತ್ತು ನಾನು. ಆಕಿ ಒಮ್ಮಿನೂ ಬೈಲಿಲ್ಲ ನೋಡು ನನಗ."

ದೊಡ್ಡವಳಾದ ಮೇಲೆ ಆ ಹಳೆಯ ಪಿಚ್ಚರುಗಳನ್ನು ಒಂದೊಂದಾಗಿ ಹುಡುಕಿ ನೋಡಿದೆ. ನನಗೆ ಬೇಕಾಗಿದ್ದ ದೃಶ್ಯಗಳು ಯಾವುದರಲ್ಲೂ ಇರಲಿಲ್ಲ. ಬಾವಿಯ ಹತ್ತಿರ ಕುರುಡಿ ತಾಯಿ, ಎಷ್ಟೋ ವರ್ಷದ ಮೇಲೆ ಬಂದ ಮಗ ನೀರು ಕೇಳಿದಾಗ, ಧ್ವನಿ ಕೇಳಿ ಕೊಡ ಕೆಳಗಿಟ್ಟು, "ನೀ ಇವತ್ತ ಉಂಡಿಲ್ಲ" ಅನ್ನುತ್ತಾಳೆ. ಅದನ್ನು ಯಾರೂ ಸಿನಿಮಾ ಮಾಡಿಲ್ಲ. ಕಾಕು ತಾನೇ ಕಟ್ಟಿ ಹೇಳಿದ್ದಳು.

ಈಗ ಅವಳು ಮನಗೂಳಿಯಲ್ಲಿ ಮಗಳ ಮನೆಯಲ್ಲಿದ್ದಾಳೆ. ಹೋದ ಬೇಸಿಗೆಯಲ್ಲಿ ಹೋದಾಗ ಉಪ್ಪಿನಕಾಯಿಗೆ ನಿಂಬೆಹಣ್ಣು ಹೆಚ್ಚುತ್ತಿದ್ದಳು. ಎದುರು ಕೂತು ಆ ತಾಯಿ–ಮಗನ ಕಥೆಯನ್ನು ನೆನಪಿದ್ದಷ್ಟು ಹೇಳಿದೆ. ಯಾರದೋ ಮನೆಯ ಸುದ್ದಿ ಎಂಬಂತೆ ಕೇಳಿದಳು. ಕೈ ಮಾತ್ರ ನಿಂತಿತ್ತು.

"ಚಲೋ ಐತಿ," ಅಂದಳು. "ಮುಂದ ಏನಾತು?"

ಮುಂದಿನದು ನನಗೆ ನೆನಪಿರಲಿಲ್ಲ.