ಅಪ್ಪನ ಪಾಲಿನ ಸಾಕೆ

ಗಲ್ಫಿನ ಜಪಾನಿ ಹೋಟೆಲೊಂದರಲ್ಲಿ ಅಡುಗೆ ಮಾಡುವ ನನ್ನ ಭಾವ, ಅಂದರೆ ಅಕ್ಕನ ಗಂಡ, ಈ ಸಲ ರಜೆಗೆ ಬರುವಾಗ ಮೂರು ಬಾಟಲಿ ಸಾಕೆ ತಂದರು. ಜಪಾನಿನವರು ಅಕ್ಕಿಯಿಂದ ಮಾಡುವ ಮದ್ಯ ಅದು. ಒಂದು ಸಾಧಾರಣದ್ದು, ಬಿಸಿ ಮಾಡಿ ಕುಡಿಯುವಂಥದ್ದು. ಇನ್ನೊಂದು ಬೆಳ್ಳಗೆ ಕದಡಿದ್ದು. ಮೂರನೆಯದು ಕಪ್ಪು ಗಾಜಿನ ಬಾಟಲಿಯಲ್ಲಿದ್ದ ದುಬಾರಿಯದ್ದು. ಅಕ್ಕಿಯನ್ನು ಅರ್ಧಕ್ಕರ್ಧ ಉಜ್ಜಿ ತೆಗೆದು ಒಳಗಿನ ತಿರುಳಿನಿಂದ ಮಾಡುತ್ತಾರಂತೆ.

"ಗಟಗಟ ಕುಡಿಯಬೇಡ ಮಾರಾಯ, ರುಚಿ ನೋಡುವಂಥದ್ದು" ಎಂದರು ಭಾವ. ನನಗೆ ಅಷ್ಟೇ ಸಾಕಾಯಿತು. ನಾಲ್ಕು ದಿನ ಮೊಬೈಲಿನಲ್ಲಿ ವಿಡಿಯೊ ನೋಡಿ ತಜ್ಞನಾದೆ.

ನಾನು ಮೂಡುಬಿದಿರೆಯ ಕಾಲೇಜೊಂದರಲ್ಲಿ ಪಾಠ ಹೇಳುವವನು. ಅಂಕ ಕೊಡದೆ ಏನನ್ನೂ ನುಂಗಲು ನನಗೆ ಬರುವುದಿಲ್ಲ. ಅಮ್ಮ ಬೆಳ್ತಂಗಡಿಗೆ ಅಕ್ಕನ ಮನೆಗೆ ಹೋಗಿದ್ದ ಒಂದು ಭಾನುವಾರ, ಹಳೆಯ ಉತ್ತರ ಪತ್ರಿಕೆಯ ಖಾಲಿ ಹಾಳೆ, ಕಷಾಯದ ಮೂರು ಲೋಟ ಇಟ್ಟುಕೊಂಡು ಕೂತೆ. ಹೆಂಡತಿಯನ್ನು ಎರಡನೇ ಪರೀಕ್ಷಕಿಯಾಗಿ ನೇಮಿಸಿದೆ.

ಮೊದಲ ಬಾಟಲಿಯನ್ನು ಬಚ್ಚಲಿನ ಹಂಡೆಯಲ್ಲಿ ಬಿಸಿಗಿಟ್ಟು ಮರೆತೆ. ತೆಗೆಯುವಾಗ ನಾಲಿಗೆ ಸುಡುವಷ್ಟಾಗಿತ್ತು.

"ಸ್ವಲ್ಪ ಶುಂಠಿ, ಕರಿಮೆಣಸು ಹಾಕಿದ್ರೆ ನೆಗಡಿಗೆ ಆಗ್ತದೆ" ಎಂದಳು ಹೆಂಡತಿ. ಹತ್ತರಲ್ಲಿ ಆರು ಅಂಕ.

ಎರಡನೆಯದನ್ನು ಅವಳು ಮೂಸಿಯೇ ಕೆಳಗಿಟ್ಟಳು. "ಅಕ್ಕಿ ತೊಳೆದ ನೀರು ಚೆಲ್ಲದೆ ಇಟ್ಟ ಹಾಗೆ ಉಂಟು." ಐದು.

ಮೂರನೆಯದಕ್ಕೆ ನಾನು ಕಣ್ಣು ಮುಚ್ಚಿದೆ. "ಸೇಬಿನ ಹೂವಿನ ಪರಿಮಳ" ಎಂದೆ.

"ಸೇಬಿನ ಹೂ ನೀವು ಎಲ್ಲಿ ಕಂಡದ್ದು?"

ಒಂಬತ್ತು ಅಂಕ ಬರೆದು, ಇನ್ನೊಂದು ಲೋಟದ ಬಳಿಕ ಅದನ್ನು ಒಂಬತ್ತೂವರೆ ಮಾಡಿದೆ. ಆಮೇಲೆ ಮನಸ್ಸು ದೊಡ್ಡದಾಗಿ ಉಳಿದೆರಡಕ್ಕೂ ಕೃಪಾಂಕ ಕೊಟ್ಟು ಮೇಲೇರಿಸಿದೆ.

ಎರಡು ದಿನ ಬಿಟ್ಟು ಅಮ್ಮ ಬಂದರು. ಮಳೆಗಾಲದಲ್ಲಿ ಬರುವ ತುಳುವರ ಆಟಿ ತಿಂಗಳಲ್ಲಿ, ತೀರಿಕೊಂಡವರಿಗೆ ಎಲೆ ಹಾಕಿ ಊಟ, ಮದ್ಯ ಬಡಿಸುವ ಕ್ರಮ ನಮ್ಮಲ್ಲಿದೆ. ಅಪ್ಪ ಹೋದ ಮೇಲೆ ಇದು ಮೊದಲ ಆಟಿ.

"ಭಾವ ತಂದದ್ದರಲ್ಲಿ ಒಳ್ಳೆಯದು ಯಾವುದು ನೋಡು, ಅಪ್ಪನಿಗೆ ಇಡುವ. ಅವರು ಜಪಾನಿನದ್ದು ಕುಡಿದವರಲ್ಲ" ಎಂದರು. ತಿಂಗಳುಗಟ್ಟಲೆ ಸಪ್ಪಗಿದ್ದ ಮುಖದಲ್ಲಿ ಉತ್ಸಾಹ ಕಂಡಿತು. ಫೋನಿನಲ್ಲಿ ನೆಂಟರಿಗೆಲ್ಲ ಅದನ್ನೇ ಹೇಳಿದರು.

ಬಡಿಸುವುದನ್ನು ಯಾರೂ ಮೊದಲು ರುಚಿ ನೋಡುವಂತಿಲ್ಲ. ಆ ದಿನದ ಕೋಳಿ ಸಾರಿಗೆ ಉಪ್ಪು ಸರಿಯಾಗಿದೆಯೇ ಎಂದು ಅಮ್ಮ ಬೆರಳು ಕೂಡ ನೆಕ್ಕುವುದಿಲ್ಲ. ನಾನೋ ಮೂರು ಬಾಟಲಿಗೂ ಬಾಯಿಟ್ಟು, ಅಂಕವನ್ನೂ ಕೊಟ್ಟು ಮುಗಿಸಿದ್ದೆ. ಅಪ್ಪನ ನೆನಪು ಆಗ ಒಂದು ಸಲವೂ ಬಂದಿರಲಿಲ್ಲ. ಅದು ನನ್ನನ್ನು ಚುಚ್ಚಿತು.

ಹೊಸ ಬಾಟಲಿ ಸಿಕ್ಕೀತೆಂದು ಹತ್ತಿರದ ಬಂಟ್ವಾಳ ಪೇಟೆಯ ವೈನ್ ಶಾಪಿಗೆ ಓಡಿದೆ. ಅಕ್ಕಿಯಿಂದ ಮಾಡಿದ ಜಪಾನಿನ ಮದ್ಯ ಉಂಟಾ ಎಂದು ಕೇಳಿದ್ದಕ್ಕೆ, "ಅಕ್ಕಿ ಬೇಕಾದ್ರೆ ಎದುರು ಸೊಸೈಟಿಯಲ್ಲಿ ಸಿಗ್ತದೆ ಸರ್" ಎಂದರು ಅಂಗಡಿಯವರು. ಮನೆಗೆ ಬಂದು ಕಪ್ಪು ಬಾಟಲಿಯ ಮುಚ್ಚಳವನ್ನು ಕೈ ನೋಯುವಷ್ಟು ಬಿಗಿದೆ. ಒಳಗೆ ಎಷ್ಟು ಉಳಿದಿದೆಯೆಂದು ಹೊರಗೆ ಕಾಣುವುದಿಲ್ಲವಲ್ಲ, ಯಾರಿಗೆ ಗೊತ್ತಾಗುತ್ತದೆ ಎಂಬ ಧೈರ್ಯ.

ಬಡಿಸುವ ಸಂಜೆ ದೀಪ ಹಚ್ಚಿ, ಎಲೆಯಲ್ಲಿ ರೊಟ್ಟಿ, ಕೋಳಿ ಸಾರು ಇಟ್ಟಾಯಿತು. ಪಕ್ಕದಲ್ಲಿ ಅಪ್ಪನ ಲೋಟ. ಬಾಟಲಿ ತೆರೆಯಲು ನಾನು ಕೈ ಚಾಚಿದೆ. ಅಮ್ಮ ಬಿಡಲಿಲ್ಲ. ವಯಸ್ಸಾಗಿ ಅಪ್ಪನ ಬೆರಳು ಸೆಟೆದುಕೊಂಡ ಮೇಲೆ, ಅಪ್ಪ ಕುಡಿಯುತ್ತಿದ್ದ ಭಾನುವಾರದ ಬಾಟಲಿ ತೆರೆದು ಕೊಡುತ್ತಿದ್ದದ್ದು ಅಮ್ಮನೇ. ಹೊಸ ಮುಚ್ಚಳ ತಿರುಗುವಾಗ ಟಿಕ್ ಎನ್ನಬೇಕೆಂದು ಅವರಿಗೆ ನನಗಿಂತ ಚೆನ್ನಾಗಿ ಗೊತ್ತು. ಮುಚ್ಚಳ ಸದ್ದಿಲ್ಲದೆ ತಿರುಗಿತು. ಅಮ್ಮ ನನ್ನ ಮುಖ ನೋಡಿದರು.

"ರುಚಿ ನೋಡಿದ್ದೇನೆ ಅಮ್ಮ. ಮೂರನ್ನೂ" ಎಂದೆ.

ಅಮ್ಮ ಬಾಟಲಿಯನ್ನು ಅಪ್ಪನ ಲೋಟಕ್ಕೆ ಬಗ್ಗಿಸಿದರು.

"ನಿನ್ನ ಎಂಜಲು ಅವರಿಗೆ ಹೊಸತಾ ಮಗಾ? ಮಾಣಿ ಪೇಟೆಯ ಹೋಟೆಲಿನಲ್ಲಿ ದಿನವಿಡೀ ಊರಿಗೆ ಬಡಿಸಿ ಮನೆಗೆ ಬಂದು, ನೀನು ತಟ್ಟೆಯಲ್ಲಿ ಬಿಟ್ಟದ್ದನ್ನು ತಿಂದವರಲ್ಲವಾ ಅವರು? ಅವರಿಗೆ ಬೇರೆ ತಟ್ಟೆ ಬಡಿಸಲಿಕ್ಕೆ ನನ್ನನ್ನು ಬಿಡ್ತಿರಲಿಲ್ಲ."

ಅಪ್ಪ ಬಂದು ಉಣ್ಣಲಿ ಎಂದು ಬಾಗಿಲು ಎಳೆದುಕೊಂಡು ಮೂವರೂ ಹೊರಗೆ ಕೂತೆವು. ಅಂಗಿಯ ತೋಳಿನಿಂದ ನಾನು ಕಣ್ಣು ಒರೆಸಿಕೊಂಡೆ. ಹೆಂಡತಿ ಕಂಡೂ ಕಾಣದ ಹಾಗೆ ಕೂತಳು.

ಬಾಗಿಲು ತೆರೆದ ಮೇಲೆ ಅಮ್ಮ ಎಲೆಯ ರೊಟ್ಟಿಯನ್ನು ಹಂಚಿ, ಲೋಟವನ್ನು ನನ್ನ ಕೈಗೆ ಕೊಟ್ಟರು. ಸೇಬಿನ ಹೂವು ಎಲ್ಲೂ ಸಿಗಲಿಲ್ಲ. ಕೋಳಿ ಸಾರಿನ ಘಮವೇ ಅದಕ್ಕೂ ಹತ್ತಿತ್ತು. ಅಷ್ಟು ವರ್ಷ ನನ್ನ ಎಂಜಲು ಉಂಡವರ ಎಂಜಲನ್ನು ನಾನು ಬಾಯಿಗಿಟ್ಟದ್ದು ಅದೇ ಮೊದಲು.